‘ಖಾಲೀ ಬಸ್’ ಎಂದರೆ ಇಡ್ಲಿ ಮುಗಿಯಿತೆಂದಲ್ಲ

ಮಾನ್ಯ ಆರ್ಡರ್ ಯಂತ್ರದವರ ದಿವ್ಯ ಸನ್ನಿಧಿಗೆ, ಪುಣೆಯ ಕಾತ್ರಜದ ಬಸ್ ನಿಲ್ದಾಣದೆದುರಿನ ನಮ್ಮ ಕನ್ನಡಿಗರ ಹೋಟೆಲಿನ ಮೂರನೆಯ ಮೇಜಿನಿಂದ, ಬೆಳಗಿನಿಂದ ಏನೂ ತಿನ್ನದ ಗಿರಾಕಿಯೊಬ್ಬನ ಬಹಿರಂಗ ನಮಸ್ಕಾರಗಳು.

ಮಾನ್ಯರೇ, ಗಿರಾಕಿಯ ಬಾಯಿಮಾತು ಕೇಳಿ ಅಡುಗೆಮನೆಗೆ ತಿಳಿಸುವ ವಿದ್ಯೆ ಕಲಿತು ತಾವು ಇಲ್ಲಿಗೆ ದಯಮಾಡಿಸಿ ಹದಿನೈದು ದಿನವಾಯಿತು. ಅದಕ್ಕೂ ಮೊದಲು ಇಲ್ಲಿ ಬರೀ ಗೊಂದಲವಿತ್ತೆಂದೂ, ಇಷ್ಟು ದಿನದಲ್ಲಿ ತಮ್ಮ ಮೇಲೆ ಒಂದೂ ದೂರು ಬಾರದಿದ್ದರೆ ಮೂವತ್ತು ವರ್ಷದ ಸಪ್ಲಾಯರ್ ಸಂಕಪ್ಪನವರು ಇನ್ನು ಬೇಡವೆಂದೂ ಮಾಲೀಕರಾದ ಸುಖೇಶ್ ಹೇಳಿದ್ದಾರೆ.

ಇಲ್ಲಿ ‘ಬಸ್’ ಎಂಬ ಒಂದೇ ಮಾತಿಗೆ ಮೂರು ಅರ್ಥ: ಮರಾಠಿಯವರಿಗೆ ಕೂತುಕೋ, ಸಾಂಬಾರು ಹಾಕಿಸಿಕೊಳ್ಳುವವರಿಗೆ ಸಾಕು, ಬೆಳಗಾವಿಗೆ ಹೊರಟವರಿಗೆ ಹೊರಗೆ ಹಾರ್ನ್ ಹೊಡೆಯುತ್ತಿರುವ ಗಾಡಿ. ಸಂಕಪ್ಪನವರು ಮುಖ ನೋಡಿಯೇ ಯಾವುದೆಂದು ತಿಳಿದು, ಒಬ್ಬರಿಗೆ ಕುರ್ಚಿ ಎಳೆದು, ಇನ್ನೊಬ್ಬರ ತಟ್ಟೆಯಿಂದ ಸೌಟು ಹಿಂದೆಗೆದು, ಮೂರನೆಯವರಿಗೆ ಪೊಟ್ಟಣ ಕಟ್ಟಿಸುತ್ತ, ‘ಗಡಿಬಿಡಿ ಬೇಡ ಮಾರಾಯ್ರೆ, ಡ್ರೈವರ್ ಇನ್ನೂ ಚಾ ಕುಡೀತಿದ್ದಾನೆ’ ಎನ್ನುತ್ತಿದ್ದರು. ಚಾಕಣದ ಕಾರ್ಖಾನೆಯೊಂದರಲ್ಲಿ ಕಾರಿನ ಬಿಡಿಭಾಗ ಪರೀಕ್ಷಿಸುವ ನನಗೆ ಗೊತ್ತಿರುವಂತೆ, ಎಷ್ಟೇ ಸಿಕ್ಕುಸಿಕ್ಕಾಗಿದ್ದರೂ ಒಂದಕ್ಕೊಂದು ಹೊಂದಿಕೊಂಡು ನಡೆಯುವುದು ಸಂಕೀರ್ಣ. ಏನು ಯಾಕಾಯಿತೆಂದು ಯಾರಿಗೂ ತಿಳಿಯದಾದಾಗ ಅದು ಗೊಂದಲ.

ತಾವೋ ದಯಾಳುಗಳು, ‘ಬಸ್’ಗೆ ‘ಸಾಕು’ ಎಂಬ ಒಂದೇ ಅರ್ಥ ಉಳಿಸಿದಿರಿ. ಇಂದು ಮುಂಜಾನೆ ಧಾರವಾಡದ ರಾಧಾಬಾಯಿಯವರು ‘ನಮ್ಮ ಬಸ್ ಹೊಂಟದರೀ, ಲಗೂ ಕೊಡ್ರಿ’ ಎಂದೊಡನೆ ಅವರ ಉಪ್ಪಿಟ್ಟನ್ನು ರದ್ದು ಮಾಡಿದಿರಿ. ಪಕ್ಕದಲ್ಲಿ ಇಡ್ಲಿಗೆ ಕಾಯುತ್ತ ಕುರ್ಚಿಯ ಮೇಲೆ ಹತ್ತಿ ನಿಂತ ಮಗಳಿಗೆ ಅಪ್ಪನೊಬ್ಬ ಮರಾಠಿಯಲ್ಲಿ ‘ಖಾಲೀ ಬಸ್’, ಅಂದರೆ ಕೆಳಗೆ ಕೂತುಕೋ, ಎಂದದ್ದೇ ತಡ, ಕನ್ನಡದ ‘ಖಾಲಿ’ಯನ್ನೂ ಬಲ್ಲ ತಾವು ಇಡ್ಲಿ ಖಾಲಿಯೆಂದು ಹನ್ನೊಂದೂ ಮೇಜಿಗೆ ಸಾರಿದಿರಿ. ಒಳಗೆ ಅಡುಗೆಯ ಪ್ರೇಮಾವತಿಯವರು ನೂರಿಪ್ಪತ್ತು ಬಿಸಿ ಇಡ್ಲಿ ಮುಂದಿಟ್ಟುಕೊಂಡು ಕೇಳುವವರಿಲ್ಲದೆ ಕೂತಿದ್ದರು. ಇಷ್ಟು ಸರಳ ವ್ಯವಸ್ಥೆಯಿಂದ ಇಷ್ಟು ದೊಡ್ಡ ಗೊಂದಲ ಹುಟ್ಟಿಸಬಲ್ಲ ತಮ್ಮ ಪ್ರತಿಭೆಗೆ ಕೈಮುಗಿಯುತ್ತೇನೆ.

ಆದ್ದರಿಂದ ಒಂದೋ ಪುಣೆಯ ಸಮಸ್ತರೂ ಒಂದು ಮಾತನ್ನು ಒಂದೇ ಅರ್ಥದಲ್ಲಿ ಆಡತಕ್ಕದ್ದೆಂದು ಆಜ್ಞೆ ಹೊರಡಿಸಿ, ಇಲ್ಲವೇ ಎಲ್ಲಿಂದಾದರೂ ಒಂದು ಜೊತೆ ಕಣ್ಣು ಸಂಪಾದಿಸಿ ಸಂಕಪ್ಪನವರ ಬಳಿ ಶಿಷ್ಯರಾಗಿ ಸೇರಿಕೊಳ್ಳಿ. ಅವರೀಗ ಮೂಲೆಯಲ್ಲಿ ನೀರಿನ ಜಗ್ಗು ತುಂಬುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ. ಇದನ್ನೇ ದೂರೆಂದು ಬರೆದುಕೊಳ್ಳಿ.

ಹಸಿದಿದ್ದರೂ ತಮ್ಮ ವಿಶ್ವಾಸಿ,
ಬಿಂದುಮಾಧವ

ತಾ.ಕ.: ಏಳುವಾಗ ತಾವು ‘ಸೇವೆ ಹೇಗಿತ್ತು?’ ಎಂದು ಕೇಳಿದಿರಿ. ಒತ್ತಲು ತಮ್ಮ ಪರದೆಯ ಮೇಲೆ ನಗುವ ಮುಖ ಒಂದೇ ಇತ್ತು, ಒತ್ತದೆ ತಾವು ಬಿಡುವವರಲ್ಲ, ದಿನವೂ ಒತ್ತಿದಂತೆ ಒತ್ತಿದೆ. ಆ ನಗುಮುಖಗಳನ್ನೇ ತೋರಿಸಿ, ಒಂದೂ ದೂರಿಲ್ಲವೆಂದು ಸುಖೇಶ್ ಈಗಷ್ಟೇ ಸಂಕಪ್ಪನವರನ್ನು ಕೆಲಸದಿಂದ ಬಿಡಿಸಿದರು. ಅದರಲ್ಲಿ ನನ್ನವು ಹದಿನೈದಿವೆ, ದಯವಿಟ್ಟು ಹಿಂದಿರುಗಿಸಿ.