ಚಿಕ್ಕಮ್ಮನ ಒಂಬತ್ತನೇ ಸಾಲು

ನಮ್ಮ ಚಿಕ್ಕಮ್ಮ ಜೂಜಾಡುತ್ತಿದ್ದರು ಎಂದರೆ ಎಡಿಸನ್ ಊರಿನ ಕನ್ನಡದವರಲ್ಲಿ ಅರ್ಧ ಜನ ನಗುತ್ತಾರೆ, ಇನ್ನರ್ಧ ಜನ ನನ್ನನ್ನು ಬೈಯುತ್ತಾರೆ. ಏಕಾದಶಿಗೆ ಉಪವಾಸ ಮಾಡುವ, ಕಾಫಿಗೆ ಸಕ್ಕರೆಯನ್ನೂ ಅಳತೆಯ ಚಮಚದಲ್ಲೇ ಹಾಕುವ ಹೆಂಗಸು ಜೂಜಾಡುವುದುಂಟೆ? ಆಡುತ್ತಿದ್ದರು. ಆದರೆ ಹೆಚ್ಚಾಗಿ ಹುಣಿಸೆ ಬೀಜದಲ್ಲಿ.

ಅವರ ಕೊನೆಯ ಶನಿವಾರವೂ ಉಳಿದ ಶನಿವಾರಗಳ ಹಾಗೆಯೇ ಇತ್ತು. ನಾನು ಹ್ಯಾರಿಸನ್ನಿನಿಂದ ರೈಲು ಹಿಡಿದು, ನ್ಯೂಅರ್ಕಿನಲ್ಲಿ ಬದಲಿಸಿ, ಎಡಿಸನ್ ಸ್ಟೇಷನ್ನಿನಲ್ಲಿ ಇಳಿದೆ. ಚಿಕ್ಕಮ್ಮ ಕಾರು ತಂದಿದ್ದರು. ಅವರು ಡ್ರೈವ್ ಮಾಡುವ ವೇಗಕ್ಕೆ ಸೈಕಲ್ಲಿನವರು ನಮ್ಮನ್ನು ದಾಟಿಹೋಗುತ್ತಾ ಕೈ ಬೀಸುವುದಿತ್ತು. ಮನೆಯಲ್ಲಿ ಊಟದ ಮೇಜಿನ ಮೇಲೆ ಒಂದು ಪ್ಯಾಕು ಇಸ್ಪೀಟು, ಎರಡು ಸ್ಟೀಲ್ ಬಟ್ಟಲು, ಒಂದು ಡಬ್ಬಿ ಹುಣಿಸೆ ಬೀಜ ಸಿದ್ಧವಾಗಿದ್ದವು. ಉಪ್ಪಿಟ್ಟಿನ ತಟ್ಟೆಗೆ ಜಾಗವಿರಲಿಲ್ಲ. ಅದನ್ನು ತೊಡೆಯ ಮೇಲಿಟ್ಟುಕೊಂಡು ತಿಂದೆ.

"ಒಂಬತ್ತನೇ ಸಾಲು ಇವತ್ತು ಮುಗಿಯಲ್ಲ ಕಣೋ," ಎಂದರು. "ಮುಂದಿನ ಶನಿವಾರ ಮುಗಿಸೋಣ. ಬರ್ತಾ ಕೊತ್ತಂಬರಿ ಸೊಪ್ಪು ತಾ. ಹೋದ ಸಲ ತಂದಂಗೆ ಅದರ ಹಂಗೇ ಕಾಣೋ ಪಾರ್ಸ್ಲಿ ಸೊಪ್ಪು ತಂದ್ರೆ ನಿನ್ನ ತಲೆ ಮೇಲೆ ಸುರೀತೀನಿ."

ಮಂಗಳವಾರ ಬೆಳಗ್ಗೆ ನಾನು ಆಫೀಸಿನಲ್ಲಿದ್ದಾಗ ಫೋನ್ ಬಂತು. ಸ್ಟ್ರೋಕ್. ನಾನು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವರಿರಲಿಲ್ಲ.

ಒಂಬತ್ತನೇ ಸಾಲು ಎಂದರೇನು ಎಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಚಿಕ್ಕಮ್ಮ ಪ್ರಿನ್ಸ್‌ಟನ್ ಕಡೆಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದರು. ಚಿಕ್ಕಪ್ಪ ಬೇಗ ಹೋದರು, ಮಕ್ಕಳಿರಲಿಲ್ಲ. ನಾನು ಓದಲು ಬಂದಾಗ ಈ ದೇಶದಲ್ಲಿ ನನಗಿದ್ದ ನೆಂಟರು ಅವರೊಬ್ಬರೇ. ರಿಟೈರ್ ಆದ ಮೇಲೆ ಹಿರಿಯರ ಬಸ್ಸಿನಲ್ಲಿ ತಿಂಗಳಿಗೊಮ್ಮೆ ಜೂಜಿನ ಕ್ಯಾಸಿನೋಗಳ ಊರಾದ ಅಟ್ಲಾಂಟಿಕ್ ಸಿಟಿಗೆ ಹೋಗತೊಡಗಿದರು. ಸಮುದ್ರ ನೋಡಲು, ಎಂದು ಹೇಳಿದ್ದರು. ಸಮುದ್ರವನ್ನು ಅವರು ನೋಡಿದ್ದು ಬಸ್ಸಿನ ಕಿಟಕಿಯಿಂದ ಮಾತ್ರ.

ಮೊದಲ ಸಲ ಹೋದಾಗಲೇ ಒಂದು ರಾಮಾಯಣ. ವಿಡಿಯೋ ಪೋಕರ್ ಮಷಿನ್ನಿನ ಮುಂದೆ ಕೂರುವ ಮೊದಲು ಚಪ್ಪಲಿ ಬಿಟ್ಟರು. ಕೆಲಸ ಶುರುಮಾಡುವ ಜಾಗದಲ್ಲಿ ಚಪ್ಪಲಿ ಹಾಕಿಕೊಂಡು ಕೂರುವುದು ಅವರಿಂದಾಗದು. ಯಾರೋ ಕಳೆದುಕೊಂಡ ಚಪ್ಪಲಿಯೆಂದು ಸೆಕ್ಯೂರಿಟಿಯವನು ಅದನ್ನು ಎತ್ತಿಕೊಂಡು ಹೋದ. ಚಿಕ್ಕಮ್ಮ ರೇಷ್ಮೆ ಅಂಚಿನ ಸೀರೆಯಲ್ಲಿ ಆ ದೊಡ್ಡ ಹಾಲಿನ ತುಂಬ ಬರಿಗಾಲಲ್ಲಿ ತಿರುಗಿ, ಕಳೆದ ವಸ್ತುಗಳ ಕೌಂಟರಿನಲ್ಲಿ ತಮ್ಮ ಚಪ್ಪಲಿಗೆ ತಾವೇ ಅರ್ಜಿ ಬರೆದುಕೊಟ್ಟು ಬಿಡಿಸಿಕೊಂಡು ಬಂದರು. ಮುಂದಿನ ತಿಂಗಳಿಂದ ಚಪ್ಪಲಿಗೆ ಹೆಸರಿನ ಲೇಬಲ್ ಅಂಟಿಸಿದರು. ಬಿಡುವುದನ್ನು ಮಾತ್ರ ಬಿಡಲಿಲ್ಲ. ಕುಡಿಯಲು ಏನು ಬೇಕೆಂದು ಕೇಳಿದ ಹುಡುಗಿಯಿಂದ ಬಿಸಿನೀರು ತರಿಸಿಕೊಂಡು, ಡಬ್ಬಿಯ ಚಿತ್ರಾನ್ನ ಮುಗಿಯುವ ತನಕ ಆಡಿ ಏಳುತ್ತಿದ್ದರು. ಚಿತ್ರಾನ್ನ ಮುಗಿದರೆ ಆಟ ಮುಗಿಯಿತು.

"ಬೇರೆ ಮಷಿನ್‌ಗಳಲ್ಲಿ ಗುಂಡಿ ಒತ್ತಿ ಬಾಯಿ ಬಿಟ್ಕೊಂಡು ಕೂತಿರ್ಬೇಕು. ಇದರಲ್ಲಿ ನಮಗೂ ಏನೋ ಯೋಚನೆ ಮಾಡೋಕೆ ಬಿಟ್ಟಿದಾರೆ," ಎನ್ನುವುದು ಅವರ ವಾದ.

ಆಟ ಗೊತ್ತಿಲ್ಲದವರಿಗೆ: ಮಷಿನ್ ಐದು ಎಲೆ ತೋರಿಸುತ್ತದೆ. ಬೇಕಾದ್ದನ್ನು ಇಟ್ಟುಕೊಂಡು ಬೇಡದ್ದನ್ನು ಬಿಸಾಡಿದರೆ ಅಷ್ಟೇ ಹೊಸ ಎಲೆ ಬರುತ್ತವೆ. ಗುಲಾಮನಿಂದ ಮೇಲಿನ ಜೋಡಿಯಾದರೆ ಹಾಕಿದ್ದು ವಾಪಸ್. ಸಣ್ಣ ಜೋಡಿಗೆ ಏನೂ ಇಲ್ಲ, ಎರಡು ಜೋಡಿಯಾದರೆ ಲಾಭ. ಹಾಗೆಯೇ ಮೇಲೆ ಹೋಗುತ್ತದೆ.

ಕಳೆದ ಚಳಿಗಾಲದಲ್ಲಿ ಒಂದು ಮೂಲೆಯಲ್ಲಿ ಹೊಸ ಬಗೆಯ ಮಷಿನ್ ಬಂತು. ಅದರಲ್ಲಿ ಒಂದೇ ಒಂದು ನಿಯಮ ಹೆಚ್ಚು. ಹೊಸ ಎಲೆ ಬಂದ ಮೇಲೆ ಹಳದಿ ಗುಂಡಿಯೊಂದು ಮಿನುಗುತ್ತದೆ. ಅದನ್ನು ಒತ್ತಿದರೆ ಬಿಸಾಡಿದ ಎಲೆಗಳಲ್ಲಿ ಒಂದನ್ನು ವಾಪಸ್ ಕರೆಸಿ, ಹೊಸದರಲ್ಲಿ ಒಂದನ್ನು ಕಳಿಸಬಹುದು. ಅದಕ್ಕೆ ಬದಲಾಗಿ ಮುಂದಿನ ಆಟದಲ್ಲಿ ಎರಡೇ ಎಲೆ ಬಿಸಾಡಲು ಅವಕಾಶ. ಯಾವಾಗ ಕರೆಸಬೇಕು, ಯಾವಾಗ ಸುಮ್ಮನಿರಬೇಕು? ಅದನ್ನು ಹೇಳುವ ಪುಸ್ತಕ ಇನ್ನೂ ಬಂದಿರಲಿಲ್ಲ. ಚಿಕ್ಕಮ್ಮ ತಾವೇ ಬರೆಯಲು ಕೂತರು. ಬೇಸಿಗೆಯ ಟ್ರಿಪ್ಪಿನೊಳಗೆ ಒಂಬತ್ತು ಸಾಲಿನ ಒಂದು ಕಾರ್ಡು ಮಾಡಿ, ಲ್ಯಾಮಿನೇಟ್ ಮಾಡಿಸಿ, ಬಸ್ಸಿನ ಹೆಂಗಸರಿಗೆಲ್ಲ ಹಂಚುವುದಾಗಿ ಮಾತು ಕೊಟ್ಟಿದ್ದರು. ಗಿರಾಕಿ ಸಾಲದಿದ್ದರೆ ಆ ಮಷಿನ್ನನ್ನೇ ಎತ್ತಿಬಿಡುತ್ತಾರಂತೆ ಎಂಬ ಆತಂಕ ಬೇರೆ.

ಒಂದೊಂದು ಸಾಲು ಎಂದರೆ ಆಟದಲ್ಲಿ ಬರುವ ಒಂದೊಂದು ಸಂದರ್ಭ. ಒಂದೊಂದಕ್ಕೂ ಇನ್ನೂರು ಆಟ, ಊಟದ ಮೇಜಿನ ಮೇಲೆ, ಕೈಯಲ್ಲಿ ಎಲೆ ಕಲೆಸಿ. ಕರೆಸಿಕೊಂಡರೆ ಬಂದ ಲಾಭ ಒಂದು ಬಟ್ಟಲಿಗೆ, ಸುಮ್ಮನಿದ್ದರೆ ಬಂದದ್ದು ಇನ್ನೊಂದು ಬಟ್ಟಲಿಗೆ. ಕಂಪ್ಯೂಟರಿನಲ್ಲಿ ಅರ್ಧ ನಿಮಿಷದಲ್ಲಿ ಮಾಡಿಕೊಡುತ್ತೇನೆ ಎಂದು ನಾನೊಮ್ಮೆ ಹೇಳಿದೆ.

"ನಿನ್ನ ಕಂಪ್ಯೂಟರ್ ಸೈನ್ ಹಾಕುತ್ತೇನೋ?"

ಸೈನ್ ಅವರ ಲ್ಯಾಬಿನ ಪದ್ಧತಿ. ಪ್ರತಿ ಸಾಲಿನ ಕೊನೆಗೆ ಎರಡು ಖಾನೆ: 'ಮಾಡಿದವರು', 'ನೋಡಿದವರು'. ಎರಡೂ ತುಂಬದ ಸಾಲನ್ನು ಯಾರೂ ಮಷಿನ್ನಿನಲ್ಲಿ ಆಡುವಂತಿಲ್ಲ. ಮಾಡುವವರು ಅವರು, ನೋಡುವವನು ನಾನು. ನಾಲ್ಕನೇ ಸಾಲಿಗೆ ನಾನು ಫೋನ್ ನೋಡಿಕೊಂಡೇ ಸಹಿ ಗೀಚಿದೆ. ಚಿಕ್ಕಮ್ಮ ಬಟ್ಟಲನ್ನು ನನ್ನ ಕಡೆ ಸರಿಸಿದರು. ಬೀಜಗಳ ನಡುವೆ ಎರಡು ಕಡಲೆಕಾಳು ಕೂತಿದ್ದವು. ನನ್ನನ್ನು ಪರೀಕ್ಷಿಸಲೆಂದೇ ಹಾಕಿಟ್ಟಿದ್ದರು.

"ರಕ್ತದ ರಿಪೋರ್ಟಿಗೆ ಹಿಂಗೆ ಸೈನ್ ಹಾಕಿದ್ರೆ ಪಾಪ, ಯಾರದೋ ಶುಗರ್ ಇನ್ಯಾರಿಗೋ ಹೋಗಿರೋದು," ಎಂದರು. ಇನ್ನೂರು ಆಟ ಮತ್ತೆ ಮೊದಲಿಂದ.

ಇಷ್ಟು ಕಟ್ಟುನಿಟ್ಟಿನ ಹೆಂಗಸು ಒಂದು ವಿಷಯದಲ್ಲಿ ಮಾತ್ರ ಲೆಕ್ಕವನ್ನು ಗಾಳಿಗೆ ತೂರುತ್ತಿದ್ದರು. ರಾಣಿಯನ್ನು ಬಿಸಾಡುತ್ತಿರಲಿಲ್ಲ. ಹಳೆಯ ಮಷಿನ್ನುಗಳಲ್ಲಿ ಎಂಥ ಕೈ ಬಂದರೂ ರಾಣಿಯನ್ನು ಹಿಡಿದುಕೊಂಡೇ ಸೋಲುತ್ತಿದ್ದರು.

"ಮನೆಗೆ ಬಂದ ಹೆಣ್ಣುಮಗಳನ್ನ ಕುಂಕುಮ ಕೊಡದೆ ಕಳಿಸ್ತಾರೇನೋ?"

"ಚಿಕ್ಕಮ್ಮ, ಅದು ಇಸ್ಪೀಟಿನ ರಾಣಿ."

"ಅದಕ್ಕೆ? ರಾಣಿ ಆದ್ಮೇಲೆ ಕುಂಕುಮ ಇಡಬಾರದು ಅಂತಿದೆಯಾ?"

ಹೊಸ ಮಷಿನ್ ಅವರಿಗೆ ಅಷ್ಟು ಹಿಡಿಸಿದ್ದು ಇದಕ್ಕೇ. "ಇದರಲ್ಲಿ ಕಳಿಸ್ತೀನಿ. ಯಾಕೆ ಗೊತ್ತಾ, ಕರೆಸ್ಕೋಬಹುದಲ್ಲ," ಎನ್ನುತ್ತಿದ್ದರು. ಒಂಬತ್ತನೇ ಸಾಲು ಅದೇ: ಸಣ್ಣ ಜೋಡಿಯನ್ನು ಇಟ್ಟುಕೊಂಡು ರಾಣಿಯನ್ನು ಬಿಸಾಡಿದ್ದೀರಿ. ಹೊಸ ಎಲೆಗಳಲ್ಲಿ ಇನ್ನೊಬ್ಬ ರಾಣಿ ಬಂದಳು. ಮೊದಲಿನವಳನ್ನು ಕರೆಸಿ ಎರಡು ಜೋಡಿ ಮಾಡಿಕೊಳ್ಳಬೇಕೋ, ಮುಂದಿನ ಆಟ ಕೆಡುತ್ತದೆಂದು ಸುಮ್ಮನಿರಬೇಕೋ? ಆ ಸಾಲು ಅರ್ಧ ಆಗಿದ್ದಾಗ ಅವರು ಹೋದರು.

ಹದಿಮೂರನೆಯ ದಿನ ಕಳೆದ ಮೇಲಿನ ಶನಿವಾರ ನಾನು ಅದೇ ರೈಲು ಹಿಡಿದು ಹೋದೆ. ಕೊತ್ತಂಬರಿ ಸೊಪ್ಪನ್ನೂ ತೆಗೆದುಕೊಂಡೆ. ಯಾಕೆಂದು ಕೇಳಬೇಡಿ. ಬಾಗಿಲು ತೆಗೆಯುವ ಹೊತ್ತಿಗೆ ಧಾರವಾಡದ ಆಂಟಿ ಬಂದರು. ಬಸ್ಸಿನಲ್ಲಿ ಇಷ್ಟು ವರ್ಷ ಚಿಕ್ಕಮ್ಮನ ಪಕ್ಕದ ಸೀಟು ಅವರದೇ.

"ಆ ಕಾರ್ಡ್ ಏನಾತಪಾ?" ಎಂದರು. "ಬಸ್ಸಿನಾಗ ಎಲ್ಲಾರೂ ಕೇಳಾಕತ್ಯಾರ."

"ಒಂದು ಸಾಲು ಉಳಿದಿದೆ ಆಂಟಿ. ರಾಣಿಯದು."

ಆಂಟಿ ಕುರ್ಚಿ ಎಳೆದು ಕೂತರು. ಬಟ್ಟಲಿನ ಬೀಜಗಳನ್ನು ಬೆರಳಿನಿಂದ ಆಡಿಸಿದರು.

"ರಾಣೀನ್ನ ಯಾಕ ಬಿಡೂದಿಲ್ಲ ಅಂತ ನಿನಗ ಹೇಳಿದ್ಲೇನು?"

"ಕುಂಕುಮ ಕೊಡದೆ ಕಳಿಸಬಾರದು ಅಂತಿದ್ರು. ತಮಾಷೆಗೆ."

"ತಮಾಷಿ ಅಲ್ಲಪಾ. ನಿಮ್ಮ ಚಿಕ್ಕಪ್ಪ ತೀರಿಕೊಂಡ ವರ್ಷ ನಮ್ಮನ್ಯಾಗ ಗೌರಿ ಹಬ್ಬಕ್ಕ ಬಂದಿದ್ಲು. ಎಲ್ಲಾ ಹೆಣ್ಮಕ್ಕಳಿಗೂ ಕುಂಕುಮ ಕೊಡಕೋಂತ ಬಂದೆ. ಆಕಿ ಮುಂದ ಬಂದಾಗ ಕುಂಕುಮದ ತಟ್ಟಿ ತಗೊಂಡು ಮುಂದಿನಾಕಿ ಕಡೆ ಹೋದೆ. ನಾನ. ಬ್ಯಾರೆ ಯಾರೂ ಅಲ್ಲ." ಬೆರಳಲ್ಲಿದ್ದ ಬೀಜವನ್ನು ಬಟ್ಟಲಿಗೆ ವಾಪಸ್ ಹಾಕಿದರು. "ಒಂದು ವರ್ಷ ನಿದ್ದಿ ಬರಲಿಲ್ಲ ನನಗ. ಮರುವರ್ಷ ಫೋನ್ ಮಾಡಿ ಕರದೆ. ಬರೂದಿಲ್ಲ ಅಂತ ಮಾಡಿದ್ದೆ. ಬಂದ್ಲು. ಎಲ್ಲಾರಿಗಿಂತ ಮೊದಲು ಆಕಿಗೇ ಕೊಟ್ಟೆ. ಆ ಮಾತು ಮತ್ತ ಒಂದು ದಿನಾನೂ ಎತ್ತಲಿಲ್ಲ ನೋಡು."

ನಾನು ಪ್ಯಾಕು ತೆಗೆದು ಎಲೆ ಕಲೆಸಿದೆ. ಆಂಟಿ ಬೀಜ ಹಾಕಿದರು. ಆ ದಿನ ಮುಗಿಯಲಿಲ್ಲ, ಮುಂದಿನ ಶನಿವಾರವೂ ಕೂತೆವು. ಮಧ್ಯೆ ಆಂಟಿ ಕೊತ್ತಂಬರಿ ಸೊಪ್ಪು ಹಾಕಿ ಅವಲಕ್ಕಿ ಮಾಡಿದರು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ತಿಂದೆವು. ಇನ್ನೂರನೇ ಆಟವಾದ ಮೇಲೆ ಎರಡು ಬಟ್ಟಲನ್ನೂ ಮೇಜಿನ ಮೇಲೆ ಬಗ್ಗಿಸಿ ಎಣಿಸಿದೆವು. ರಾಣಿಯನ್ನು ಕರೆಸಿಕೊಂಡದ್ದೇ ಒಳ್ಳೆಯದಾಗಿತ್ತು. ಮುಂದಿನ ಆಟದಲ್ಲಿ ಆಗುವ ನಷ್ಟವನ್ನು ಕಳೆದ ಮೇಲೂ.

"ಆಕಿಗೆ ಮೊದಲ ಗೊತ್ತಿತ್ತು ತಗೋ," ಎಂದು ಆಂಟಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕರು.

ಮಷಿನ್ ಇನ್ನೂ ಅದೇ ಮೂಲೆಯಲ್ಲಿದೆಯಂತೆ. ಬೇಸಿಗೆಯ ಟ್ರಿಪ್ಪಿಗೆ ನಾನೂ ರಜೆ ಹಾಕಿದ್ದೇನೆ, ಆಂಟಿಯ ಪಕ್ಕದ ಸೀಟು ನನಗೆ. ಚಿತ್ರಾನ್ನ ಅವರು ತರುತ್ತಾರೆ, ಚಪ್ಪಲಿಗೆ ಲೇಬಲ್ ನಾನು ಅಂಟಿಸಿಕೊಳ್ಳಬೇಕು. ಕಾರ್ಡುಗಳನ್ನು ನಿನ್ನೆ ಲ್ಯಾಮಿನೇಟ್ ಮಾಡಿಸಿದೆ.

ಒಂಬತ್ತನೇ ಸಾಲಿನಲ್ಲಿ 'ಮಾಡಿದವರು' ಎಂಬಲ್ಲಿ ನನ್ನ ಸಹಿ ಇದೆ, ಆಂಟಿಯದೂ ಇದೆ. 'ನೋಡಿದವರು' ಎಂಬ ಖಾನೆಯನ್ನು ಚಿಕ್ಕಮ್ಮನಿಗೆಂದು ಖಾಲಿ ಬಿಟ್ಟಿದ್ದೇವೆ.