ಇಬ್ಬರು ಕೊಟ್ರಮ್ಮರು, ಒಂದು ನೀರಿನ ಗುಳಿಗಿ

ಔಷಧ ಕೊಡೋದು ಅಂದ್ರ ಏನ್ ಮಹಾ, ಗುಳಿಗಿ ತಗೊಂಡು ಬಾಯಾಗ ಹಾಕೋದು ಅಂತ ಹೊರಗಿನ ಮಂದಿ ತಿಳ್ಕೊಂಡಾರ. ಬರ್ರಿ, ಒಂದು ದಿನ ನನ್ನ ಟ್ರೇ ಹಿಡ್ಕೊಂಡು ವಾರ್ಡಿನ್ಯಾಗ ತಿರುಗಿ ನೋಡ್ರಿ. ಮೂಗಿನ ಹನಿ ಕಿವ್ಯಾಗ ಹಾಕ್ಕೊಂಡವರನ್ನ ನೋಡೀನಿ. ಮೂರು ಹೊತ್ತಿನ ಗುಳಿಗಿ ಒಂದ ಹೊತ್ತಿಗೆ ನುಂಗಿ, "ದಿನಾ ಯಾರು ನೆನಪಿಟ್ಕೊಂತಾರ ಬಿಡ್ರಿ" ಅಂದವರನ್ನ ನೋಡೀನಿ. ಸೂಜಿ ಹಾಕಿದ್ರ ದೊಡ್ಡ ಡಾಕ್ಟ್ರು, ಗುಳಿಗಿ ಬರದ್ರ ಸಣ್ಣ ಡಾಕ್ಟ್ರು ಅನ್ನೋರಂತೂ ಮನಿಗೊಬ್ಬರು ಅದಾರ. ಯಾವ ಊರ ದವಾಖಾನಿ ಅಂತ ಕೇಳಬ್ಯಾಡ್ರಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಎಲ್ಲಿ ಹೋದ್ರೂ ಇದ ಹಣೇಬರ.

ನರ್ಸಿಂಗ್ ಕಲಿಯೋವಾಗ ನಮಗ ಐದು ಮಾತು ಬಾಯಿಪಾಠ ಮಾಡಿಸಿದ್ರು. ಸರಿಯಾದ ಮನುಷ್ಯಾಗ, ಸರಿಯಾದ ಔಷಧ, ಸರಿಯಾದ ಅಳತಿ, ಔಷಧ ಮೈಯೊಳಗ ಹೋಗೋ ಸರಿಯಾದ ದಾರಿ, ಸರಿಯಾದ ಹೊತ್ತು. ನಿದ್ದಿಗಣ್ಣಿನ್ಯಾಗ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ. ಕಲಿಸಿದವರು ಪಾಪ, ನಮ್ಮ ಕಡಿ ಮಂದಿನ್ನ ನೋಡಿದ್ದಿಲ್ಲ ಅಂತ ಕಾಣ್ತೈತಿ. ಅದರಾಗೂ ಆ ಇಬ್ಬರು ಹೆಣ್ಣುಮಕ್ಕಳನ್ನ ನೋಡಿದ್ದಿಲ್ಲ. ಅವರನ್ನ ನೆನೆಸ್ಕೊಂಡ್ರ ಈಗೂ ನಗು ಬರ್ತೈತಿ, ನಕ್ಕು ಮುಗಿಯೋದ್ರಾಗ ಕಣ್ಣು ತುಂಬತಾವ.

ಹೆಸರು ಹೇಳ್ರಿ

ಔಷಧ ಕೊಡೋಕಿಂತ ಮೊದಲು ಜಡ್ಡಿನವರ ಬಾಯಿಂದನ ಅವರ ಹೆಸರು ಹೇಳಿಸಬೇಕು. ಇದು ಕಾಯಿದೆ. ಆದ್ರ ನಮ್ಮ ಕಡಿ ದೇವರ ಹೆಸರು ಇಡಬೇಕಂದ್ರ ಎಲ್ಲಾರಿಗೂ ಕೊಟ್ಟೂರು ದೇವರ ನೆನಪಾಗೋದು. ವಾರ್ಡಿನ್ಯಾಗ ನಿಂತು "ಕೊಟ್ರೇಶಪ್ಪ" ಅಂತ ಕೂಗಿದ್ರ ನಾಕು ಮಂದಿ ಅಂಗಿ ತೋಳು ಮಡಚ್ತಾರ.

ಒಂದು ಮುಂಜಾನಿ ಕೊಟ್ಟೂರು ಕಡಿ ಹಳ್ಳಿಯಿಂದ ಇಬ್ಬರು ಮುದುಕ್ಯಾರು ಆಟೋದಾಗ ಬಂದ್ರು. ಒಬ್ಬಾಕಿಗೆ ಕಾಲು ಬಾತು, ದಮ್ಮು ಹತ್ತಿ, ಮಾತಾಡಾಕ ಆಗವಲ್ದು. ಇನ್ನೊಬ್ಬಾಕಿ ಆಕಿನ್ನ ಹಿಡ್ಕೊಂಡು ದಾರಿ ಉದ್ದಕ್ಕೂ ಬೈಕೋತ ಬಂದಾಳ. ಅಕ್ಕ-ತಂಗಿ ಇರಬೇಕು ಅನ್ಕೊಂಡೆ. ಅಲ್ಲ, ಸವತ್ಯಾರು. ಮೊದಲನೇ ಹೆಂಡ್ತಿಗೆ ಮಕ್ಕಳಾಗ್ಲಿಲ್ಲ ಅಂತ ಗಂಡ ಎರಡನೇದಾಕಿನ್ನ ತಂದಿದ್ನಂತ. ಆಕಿಗೂ ಆಗ್ಲಿಲ್ಲ. ಗಂಡ ತೀರಿಹೋಗಿ ಬಾಳ ದಿನ ಆಗ್ಯಾವ, ಇವರಿಬ್ಬರೂ ಅದ ಮನ್ಯಾಗ ಅದಾರ. ಇಬ್ಬರ ಹೆಸರೂ ಕೊಟ್ರಮ್ಮ. ಊರವರು ದೊಡ್ಡಾಕಿ, ಸಣ್ಣಾಕಿ ಅಂತ ಕರೀತಿದ್ರು.

ಡಾಕ್ಟ್ರು ದೊಡ್ಡಾಕಿನ್ನ ಅಡ್ಮಿಟ್ ಮಾಡ್ಕೊಂಡು, ಸಣ್ಣಾಕಿನ್ನ ಹೊರಗ ಕರದು ಹೇಳಿದ್ರು. ಹೃದಯ ಸೋತೈತಿ, ಮೈಯಾಗ ನೀರು ನಿಂತೈತಿ, ಸಕ್ಕರಿ ಕಾಯಿಲೆನೂ ಐತಿ. ಗುಳಿಗಿ, ಸೂಜಿ ಒಂದೂ ತಪ್ಪದಂಗ ಹೋದ್ರ ನಡ್ಕೋತ ಮನಿಗೆ ಹೋಗಬಹುದು, ತಪ್ಪಿದ್ರ ಕಷ್ಟ.

ಸಣ್ಣಾಕಿ ಸೆರಗು ಸೊಂಟಕ್ಕ ಸಿಗಿಸಿ ನನ್ನ ಮುಂದ ಬಂದು ನಿಂತ್ಲು. "ಆಕಿನ್ನ ನಡಿಸ್ಕೊಂಡ ಕರ್ಕೊಂಡು ಹೋಗಾಕಿ ನಾನು. ನಾಕು ಮಂದಿ ಹೊತ್ಕೊಂಡು ಬಂದ್ರ ಊರಾಗ ಏನಂತಾರ? ಸವತಿ ಮುಗಿಸಿದ್ಲು ಅಂತಾರ."

ಒಳಗ ಮಲಗಿದ್ದ ದೊಡ್ಡಾಕಿಗೆ ಅದು ಕೇಳಿಸ್ತು. ಆ ದಮ್ಮಿನ್ಯಾಗೂ ಅಂದ್ಲು, ಮುಗಿಸಾಕಿ ಆಗಿದ್ರ ಅಡಗಿ ಮಾಡಿ ಹಾಕೋವಾಗ ಮುಗಿಸ್ತಿದ್ಲು ಬಿಡ್ರಿ ಅಂತ.

ಸರಿ, ಹೆಸರು ಒಂದ ಆದ್ರ ಗಂಡನ ಹೆಸರಾದ್ರೂ ಕೇಳಿ ಬ್ಯಾರೆ ಮಾಡೋಣ ಅಂದ್ರ, ಅದೂ ಒಬ್ಬನ. ಆತನ ಹೆಸರು ಏನು ಅಂತ ದೊಡ್ಡಾಕಿನ್ನ ಕೇಳಿದೆ. ಗಂಡನ ಹೆಸರು ಹೆಂಗ ಹೇಳೋದು, ಆಕಿನ್ನ ಕೇಳ್ರಿ, ಕಡಿತನಕ ಆಕಿ ಕಡೆನ ಇದ್ದ ಅಂದ್ಲು. ಸಣ್ಣಾಕಿನ್ನ ಕೇಳಿದ್ರ, ಮೊದಲು ತಾಳಿ ಕಟ್ಟಿಸ್ಕೊಂಡಾಕಿ ಆಕಿ, ಆಕಿನ ಹೇಳಬೇಕು ಅಂತ ಮುಖ ತಿರುವಿದ್ಲು. ಇಬ್ಬಿಬ್ಬರು ಹೆಂಡ್ರು ಮುಂದ ಇದ್ದೂ ಆ ಪುಣ್ಯಾತ್ಮನ ಹೆಸರು ನಾನು ಆಧಾರ್ ಕಾರ್ಡಿನ್ಯಾಗ ಓದಬೇಕಾತು.

ಓಡಾಡಾಕಿ ಯಾರು

ದೊಡ್ಡಾಕಿಗೆ ಡಾಕ್ಟ್ರು ನೀರಿನ ಗುಳಿಗಿ ಬರದಿದ್ರು. ಅದು ಹೊಟ್ಟಿಗೆ ಹೋದ್ರ ಮೈಯಾಗಿನ ನೀರೆಲ್ಲ ಉಚ್ಚಿ ಆಗಿ ಹೋಗ್ತೈತಿ, ಬಾವು ಇಳೀತೈತಿ. ನಾನು ಹೊತ್ತಿಗೆ ಸರಿಯಾಗಿ ಕೊಡ್ತಿದ್ದೆ, ನನ್ನ ಮುಂದ ಬಾಯಾಗ ಹಾಕ್ಕೊಂಡು ನೀರು ಕುಡೀತಿದ್ಲು. ಆದ್ರ ಬಾವು ಇಳಿಯೋ ಮಾತ ಇಲ್ಲ. ಡಾಕ್ಟ್ರು ದಿನಾ ಬಂದು ಕಾಲು ಒತ್ತಿ ನೋಡಿ, ಗುಳಿಗಿ ಕೊಡಾಕತ್ತೀರೋ ಇಲ್ಲೋ ಅಂತ ನನ್ನ ಮುಖ ನೋಡೋರು. ನನಗ ಸಿಟ್ಟು ಬರದ ಇರತೈತೇನು?

ಆವಾಗ ನಮ್ಮ ವಾರ್ಡಿನ ಆಯಾ ಒಂದು ಮಾತು ಅಂದ್ಲು. ಜಡ್ಡಾಗಿ ಮಲಗಿದಾಕಿ ಆರಾಮ ಮಲಗ್ಯಾಳ, ನೋಡ್ಕೊಳ್ಳಾಕ ಬಂದಾಕಿ ಬಚ್ಚಲಕ್ಕ ಓಡಾಡಿ ಓಡಾಡಿ ನಾನು ಒರೆಸಿದ ನೆಲ ಎಲ್ಲಾ ಹಾಳ ಮಾಡಾಕತ್ಯಾಳ ಅಂತ.

ನನ್ನ ತಲಿಗೆ ಝಗ್ಗ ಅಂತ ಹತ್ತಿತು. ಮರುದಿನ ಮುಂಜಾನಿ ಗುಳಿಗಿ ಕೊಟ್ಟು, ಮುಂದಿನ ಕಾಟಿನ ಕಡಿ ಹೋದಂಗ ಮಾಡಿ ಹೊಳ್ಳಿ ನೋಡಿದೆ. ದೊಡ್ಡಾಕಿ ದವಡ್ಯಾಗಿಂದ ಗುಳಿಗಿ ತಗದ್ಲು, ಹಲ್ಲಿನ್ಯಾಗ ಕಟಕ್ ಅಂತ ಕಡದು ಎರಡು ಮಾಡಿದ್ಲು, ಅರ್ಧ ತಾನು ನುಂಗಿದ್ಲು, ಅರ್ಧ ಸಣ್ಣಾಕಿ ಅಂಗೈಯಾಗ ಇಟ್ಲು. ಸಣ್ಣಾಕಿ ಅದನ್ನ ಪ್ರಸಾದ ತಗೊಂಡಂಗ ತಗೊಂಡು ಚಾದ ಕೂಡ ನುಂಗಿಬಿಟ್ಲು.

ನಾನು ಹೋಗಿ ಕಾಟಿನ ಮುಂದ ನಿಂತು ಬಾಯಿಗೆ ಬಂದಂಗ ಬೈದೆ. ದೊಡ್ಡಾಕಿ ಸಣ್ಣ ಮಕ್ಕಳಂಗ ತಲಿ ತಗ್ಗಿಸಿದ್ಲು. ಅವರ ಮನ್ಯಾಗ ಏನು ಬಂದ್ರೂ ಎರಡು ಪಾಲಂತ. ಸೀರಿ ಬಂದ್ರ ಎರಡು, ಒಂದ ಮಾವಿನಹಣ್ಣು ಬಂದ್ರ ಅದಕ್ಕೂ ಚಾಕು. ಗಂಡ ಹಾಕಿಕೊಟ್ಟ ಪದ್ಧತಿ ಅದು, ಆತ ಹೋದ ಮ್ಯಾಲೂ ಬಿಟ್ಟಿಲ್ಲ. ತಾನೊಬ್ಬಾಕಿನ ನುಂಗಿದ್ರ ಆಕಿ ಮನಸಿಗೆ ಹತ್ತಂಗಿಲ್ಲೇನು ಅಂತ ನನ್ನ ಕೇಳ್ತಾಳ. ಸಣ್ಣಾಕಿ ನ್ಯಾಯ ಇನ್ನೊಂದು ನಮೂನಿ. ತಾನು ಬ್ಯಾಡ ಅಂದ್ರ ದೊಡ್ಡಾಕಿ ತನ್ನ ಪಾಲೂ ಉಗುಳತಾಳ, ಅರ್ಧ ಆದ್ರೂ ಆಕಿ ಹೊಟ್ಟಿಗೆ ಹೋಗ್ಲಿ ಅಂತ ತಾನು ನುಂಗಿದ್ದಂತ.

"ಜಡ್ಡಿನ್ಯಾಗೂ ಪಾಲು ಹಚ್ತೀರೇನವ್ವಾ ನೀವು?" ಅಂದೆ.

ದೊಡ್ಡಾಕಿ ಬಾಳ ಸಮಾಧಾನದಿಂದ ಹೇಳಿದ್ಲು. "ಇಲ್ಲವ್ವಾ. ಜಡ್ಡು ಪೂರಾ ನಾನ ಇಟ್ಕೊಂಡೀನಿ, ಗುಳಿಗಿ ಅಷ್ಟ ಆಕಿಗೆ ಅರ್ಧ."

ಇಡೀ ವಾರ್ಡು ನಕ್ಕಿತು, ನಾನೂ ನಕ್ಕೆ. ಡಾಕ್ಟ್ರು ಮಾತ್ರ ನಗಲಿಲ್ಲ. ಅರ್ಧ ಔಷಧದಾಗ ಹೋದ ದಿನ ಹೊಳ್ಳಿ ಬರಂಗಿಲ್ಲ ಸಿಸ್ಟರ್ ಅಂದ್ರು. ಅವತ್ತಿಂದ ಗುಳಿಗಿ ನುಂಗಿದ ಮ್ಯಾಲೆ ಬಾಯಿ ತಗಿಸಿ, ನಾಲಿಗಿ ಎತ್ತಿಸಿ, ದವಡಿ ನೋಡಿನ ನಾನು ಮುಂದ ಹೋಗ್ತಿದ್ದೆ.

ಕೆಂಪು ದಾರ, ಹಸರು ದಾರ

ಬ್ಯಾರೆಯವರ ಗುಳಿಗಿ ನುಂಗಿದ್ರ ಸುಮ್ಮನ ಬಿಡ್ತೈತೇನು? ಅವತ್ತ ಮಧ್ಯಾಹ್ನ ಸಣ್ಣಾಕಿ ತಲಿ ತಿರುಗಿ ಬಚ್ಚಲದ ಬಾಗಿಲದಾಗ ಕುಸದ್ಲು. ಡಾಕ್ಟ್ರು ಆಕಿಗೂ ಪಕ್ಕದ ಕಾಟು ಕೊಟ್ರು. ಆಗ ನೋಡ್ರಿ ನನ್ನ ಪಜೀತಿ. ಹೆಸರು ಒಂದ, ಗಂಡ ಒಬ್ಬನ, ಊರು ಒಂದ, ವಯಸ್ಸು ಇಬ್ಬರಿಗೂ ಗೊತ್ತಿಲ್ಲ. ದೊಡ್ಡಾಕಿಗೆ ಊಟಕ್ಕ ಮೊದಲು ಸಕ್ಕರಿ ಇಳಿಸೋ ಸೂಜಿ, ಸಣ್ಣಾಕಿಗೆ ಸಕ್ಕರಿ ಕಾಯಿಲೆನ ಇಲ್ಲ. ಅಪ್ಪಿತಪ್ಪಿ ಆ ಸೂಜಿ ಈಕಿಗೆ ಬಿದ್ರ ಸಕ್ಕರಿ ಪೂರಾ ಇಳದು ಜೀವಕ್ಕ ಬರ್ತೈತಿ.

ಗುರ್ತಿಗೆ ಇರ್ಲಿ ಅಂತ ದೊಡ್ಡಾಕಿ ಕೈಗೆ ಒಂದು ಕೆಂಪು ದಾರ ಕಟ್ಟಿದೆ. ಕಟ್ಟಿ ಮುಗಿಯೋದ್ರಾಗ ಸಣ್ಣಾಕಿ ಕೈ ಮುಂದ ಚಾಚಿದ್ಲು. ಆಕಿಗೆ ಕಟ್ಟಿದ ಮ್ಯಾಲೆ ನನಗೂ ಕಟ್ಟಬೇಕು ಅಂದ್ಲು. ಆತು ತಾಯಿ ಅಂತ ಆಕಿಗೆ ಹಸರು ದಾರ ಕಟ್ಟಿದೆ.

ಒಂದಿನ ಮಧ್ಯಾಹ್ನ ಊಟದ ಹೊತ್ತಿಗೆ ಸೂಜಿ ತುಂಬ್ಕೊಂಡು ಹೋದೆ. ದೊಡ್ಡಾಕಿ ಕಾಟಿನ ಮ್ಯಾಲೆ ಮುಸುಕು ಹಾಕಿ ಮಲಗ್ಯಾಳ, ಕೈ ಅಷ್ಟ ಹೊರಗ ಐತಿ, ಕೈಯಾಗ ಕೆಂಪು ದಾರ. ಹೆಸರು ಹೇಳವ್ವಾ ಅಂದೆ. ಕೊಟ್ರಮ್ಮ ಅಂದ್ಲು. ಎಲ್ಲಾ ಸರಿ ಐತಲ್ಲ. ತೊಡಿಗೆ ಸೂಜಿ ಹಾಕಾಕ ಸೀರಿ ಸರಿಸಿದಾಗ ಕಣ್ಣು ಕಾಲ ಮ್ಯಾಲೆ ಹೋತು. ಒಣಗಿದ ಕಟಗಿಯಂಗ ಸಣ್ಣಗ ಅದಾವ, ಬಾವು ಇಲ್ಲ. ನನ್ನ ಕೈ ಅಲ್ಲೇ ನಿಂತ್ಬಿಡ್ತು. ಮುಸುಕು ತಗದು ನೋಡಿದ್ರ ಸಣ್ಣಾಕಿ.

ಫ್ಯಾನಿನ ಗಾಳಿ ಪಕ್ಕದ ಕಾಟಿಗೆ ಚೊಲೋ ಬರ್ತೈತಿ ಅಂತ ದೊಡ್ಡಾಕಿನ್ನ ಅಲ್ಲಿ ಮಲಗಿಸಿ ತಾನು ಇಲ್ಲಿಗೆ ಬಂದಿದ್ಲು. ಅದು ಇರ್ಲಿ, ದಾರ ಯಾಕ ಅದಲಿಬದಲಿ ಮಾಡಿದ್ರಿ ಅಂತ ಕೇಳಿದೆ. ದೊಡ್ಡಾಕಿಗೆ ಹಸರು ಅಂದ್ರ ಆಸಿ ಅಂತ. ಗಂಡ ಹೋದ ದಿನ ಹಸರು ಬಳಿ ಒಡದ ಮ್ಯಾಲೆ ಕೈಗೆ ಆ ಬಣ್ಣನ ಹಾಕಿಲ್ಲ. ಬಳಿ ಹೋದ್ರ ಹೋಗ್ಲಿ, ದಾರ ಆದ್ರೂ ಇರ್ಲಿ ಅಂದ್ಲಂತ. ಸಣ್ಣಾಕಿ ಬಿಚ್ಚಿ ಕೊಟ್ಟಾಳ.

ಈ ಸೂಜಿ ಬಿದ್ದಿದ್ರ ನಿನ್ನ ಜೀವ ಹೋಗ್ತಿತ್ತು ಅಂತ ಸಣ್ಣಾಕಿಗೆ ಹೇಳಿದೆ. ಹೋದ್ರ ಹೋಗ್ಲಿ ಬಿಡ್ರಿ, ಆಕಿ ಒಬ್ಬಾಕಿನ ಊರಿಗೆ ಹೋದ್ರ ಯಾರೂ ಏನೂ ಅನ್ನಂಗಿಲ್ಲ, ಆಕಿಗೆ ಒಳ್ಳೆಯಾಕಿ ಅಂತ ಹೆಸರೈತಿ, ಕೆಟ್ಟಾಕಿ ನಾನ ಅಲ್ಲೇನು ಅಂದ್ಲು.

ಮುಂದ ನಾನು ದಾರ ನಂಬಲಿಲ್ಲ, ಕಾಟು ನಂಬಲಿಲ್ಲ. ದಿನಾ ಬಗ್ಗಿ ಇಬ್ಬರ ಕಾಲೂ ಮುಟ್ಟಿ ನೋಡಿನ ಔಷಧ ಕೊಟ್ಟೆ. ವಾರ್ಡಿಗೆ ಬಂದು ಹೋಗೋ ಮಂದಿ, ಈ ಸಿಸ್ಟರಮ್ಮ ಎಂಥಾ ಸಂಸ್ಕಾರವಂತಿ ನೋಡ್ರಿ, ಹಿರೇರ ಕಾಲಿಗೆ ಬಿದ್ದು ಕೆಲಸ ಶುರು ಮಾಡ್ತಾಳ ಅಂತ ಹೊಗಳಿದ್ರು.

ವರಾಂಡದ ತನಕ

ಪೂರಾ ಗುಳಿಗಿ ಹೊಟ್ಟಿಗೆ ಹೋಗಾಕ ಹತ್ತಿದ ಮ್ಯಾಲೆ ದೊಡ್ಡಾಕಿ ಬಾವು ಇಳೀತು. ಸಣ್ಣಾಕಿನೂ ಎದ್ದು ಓಡಾಡಿದ್ಲು. ಒಂದಿನ ಸಂಜಿಮುಂದ ಸಣ್ಣಾಕಿ ಹೆಗಲ ಮ್ಯಾಲೆ ಕೈ ಇಟ್ಟು ದೊಡ್ಡಾಕಿ ವರಾಂಡದ ತನಕ ನಡದ್ಲು. ಸಣ್ಣಾಕಿ ಎಲ್ಲಾ ಕಾಟಿನವರನ್ನೂ ಕರದು ಕರದು ತೋರಿಸಿದ್ಲು, ಮೊಮ್ಮಗ ಹೆಜ್ಜಿ ಹಾಕಿದಂಗ. ನೋಡ್ರಿ, ನಡ್ಯಾಕತ್ಯಾಳ, ನಾನು ಹೇಳಿದ್ದಿಲ್ಲೇನು ಅಂದ್ಲು. ದೊಡ್ಡಾಕಿ ದಮ್ಮು ತಗೊಂಡು, ಹೆಗಲು ಇನ್ನಷ್ಟು ಗಟ್ಟಿ ಕೊಡ ಅಂತ ಬೈದ್ಲು. ನಾನೂ ಖುಷಿಯಾಗಿ, ಸೋಮವಾರ ಮನಿಗೆ ಹೋಗಬಹುದು ಅಂದೆ.

ಸೋಮವಾರ ಬರಲಿಲ್ಲ. ಕಾಲಿನ ಬಾವು ಮಾತು ಕೇಳಿತ್ತು, ಹೃದಯ ಕೇಳಲಿಲ್ಲ. ಭಾನುವಾರ ಮುಂಜಾನಿ ನಾನು ಟ್ರೇ ಹಿಡ್ಕೊಂಡು ಹೋದಾಗ ದೊಡ್ಡಾಕಿ ಉಸಿರು ಎಳ್ಯಾಕತ್ತಿದ್ಲು. ಡಾಕ್ಟ್ರು ಓಡಿ ಬಂದ್ರು, ಮಾಡೋದೆಲ್ಲ ಮಾಡಿದ್ರು, ಆಕಿ ಉಳೀಲಿಲ್ಲ. ಮನುಷ್ಯಾಳು ಸರಿ, ಔಷಧ ಸರಿ, ಅಳತಿ ಸರಿ, ದಾರಿ ಸರಿ, ಹೊತ್ತೂ ಸರಿ. ಐದೂ ಸರಿ ಇದ್ದಾಗೂ ಮಂದಿ ಹೋಗ್ತಾರ ಅನ್ನೋದನ್ನ ನಮಗ ಯಾರೂ ಬಾಯಿಪಾಠ ಮಾಡಿಸಿದ್ದಿಲ್ಲ. ನನಗ ಬಾಳ ಸಂಕಟ ಆತು.

ಸಣ್ಣಾಕಿ ಅಳಲಿಲ್ಲ. ನನ್ನ ಕೈ ಹಿಡ್ಕೊಂಡು ಒಂದ ಮಾತು ಕೇಳಿದ್ಲು. "ನಾನು ನುಂಗಿದ ಅರ್ಧ ಆಕಿ ಹೊಟ್ಟಿಗೆ ಹೋಗಿದ್ರ ಉಳೀತಿದ್ಲೇನವ್ವಾ?"

ಇಲ್ಲ ಅಂದೆ. ಖರೇನೋ ಸುಳ್ಳೋ ನನಗೂ ಗೊತ್ತಿಲ್ಲ. ಡಾಕ್ಟ್ರನ್ನ ಕೇಳಾಕ ಧೈರ್ಯ ಬರಲಿಲ್ಲ.

ಏನಾಗಬೇಕು

ಮಧ್ಯಾಹ್ನದ ಹೊತ್ತಿಗೆ ಊರಿಂದ ಮಂದಿ ಗಾಡಿ ತಗೊಂಡು ಬಂದ್ರು. ಹೆಣ ಕೊಡೋಕಿಂತ ಮೊದಲು ಯಾರ ಕೈಗೆ ಕೊಟ್ವಿ ಅಂತ ಬರಕೊಬೇಕು. ನಮ್ಮ ಗುಮಾಸ್ತ ಹೊಸಬ, ಮೆತ್ತನ್ನ ಮನುಷ್ಯಾ. ತೀರಿಕೊಂಡವರಿಗೆ ನೀವು ಏನಾಗಬೇಕಮ್ಮ ಅಂತ ಸಣ್ಣಾಕಿನ್ನ ಕೇಳಿದ.

"ಸವತಿ" ಅಂದ್ಲು.

ಆತ ಪೆನ್ನು ಎತ್ತಿ ನನ್ನ ಮುಖ ನೋಡಿದ. ಇಂಥಾ ದಿನ ಇಂಥಾ ಮಾತು ಬ್ಯಾಡ ಅನಿಸಿರಬೇಕು ಪಾಪ. ಅದು ಚಂದ ಕಾಣಂಗಿಲ್ಲ ಅಮ್ಮ, ತಂಗಿ ಅಂತ ಬರಕೊಂತೀನಿ ಅಂದ. ಊರಿಂದ ಬಂದಿದ್ದ ಹಿರೇರೂ, ಹೌದು ಬರ್ಕೊಳ್ರಿ, ಅಕ್ಕ-ತಂಗಿಯಂಗ ಇದ್ರು ಅಂತ ದನಿಗೂಡಿಸಿದ್ರು.

ಸಣ್ಣಾಕಿಗೆ ಎಲ್ಲಿತ್ತೋ ಸಿಟ್ಟು. ಟೇಬಲ್ಲಿನ ಮ್ಯಾಲೆ ಅಂಗೈ ಬಡದ್ಲು.

"ತಂಗಿ ಆಗಿದ್ರ ಆಕಿ ಒಂದೂರಿಗೆ, ನಾನೊಂದೂರಿಗೆ ಮದುವಿ ಆಗಿ ಹೋಗ್ತಿದ್ವಿ. ವರ್ಷಕ್ಕೊಮ್ಮೆ ಪಂಚಮಿಗೆ ತವರಿಗೆ ಬಂದಾಗ ಮುಖ ನೋಡ್ತಿದ್ವಿ. ಸವತಿ ಆಗಿದ್ದಕ್ಕ ಹುಟ್ಟಿದ ಮನಿಕಿಂತ ಹೆಚ್ಚು ದಿನ ಆಕಿ ಕೂಡ ಉಂಡೀನಿ, ಆಕಿ ಕೂಡ ಜಗಳಾಡೀನಿ. ಸವತಿ ಅಂತನ ಬರಕೊಳ್ರಿ."