ಇಪ್ಪತ್ತೈದು ಡಿಗ್ರಿ ಸಮುದ್ರ

ಸಮುದ್ರಕ್ಕೆ ಯಾರೋ ಕಲಬೆರಕೆ ಮಾಡಿದ್ದಾರೆ ಎಂದು ಮನೆಮಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿ ವಿಚಾರಣೆ ನಡೆಸಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇರಬೇಕು. ಅವರು ನಮ್ಮ ಯಜಮಾನರು! ಹೆಸರು ಮಾತ್ರ ಕೇಳಬೇಡಿ. ಮದುವೆಯ ದಿನ ಹೊಸಿಲ ಮೇಲೆ ನಿಲ್ಲಿಸಿ ಹೇಳಿಸಿದ್ದೇ ಕೊನೆ. ಆಮೇಲೆ ಓಟಿನ ಪಟ್ಟಿ ಬರೆಯಲು ಬಂದವರಿಗೂ ಪಕ್ಕದ ಮನೆ ಮುನಿಯಮ್ಮನ ಬಾಯಿಂದಲೇ ಹೇಳಿಸಿದವಳು ನಾನು.

ಮಾಲೂರಿನಿಂದ ಮಾಸ್ತಿಗೆ ಹೋಗುವ ದಾರಿಯಲ್ಲಿ ನಮ್ಮ ಊರು. ಅಲ್ಲಿನ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವುದು ಅವರ ಕೆಲಸ. ಲ್ಯಾಕ್ಟೋಮೀಟರ್ ಅಂತ ಒಂದು ಗಾಜಿನ ಕಡ್ಡಿ ಇರುತ್ತದಲ್ಲ, ಕೆಳಗೆ ಗುಂಡು, ಮೇಲೆ ಗೆರೆ ಗೆರೆ. ಅದನ್ನು ಹಾಲಿನಲ್ಲಿ ತೇಲಿ ಬಿಡುತ್ತಾರೆ. ಇಪ್ಪತ್ತೆಂಟಕ್ಕೆ ನಿಂತರೆ ಒಳ್ಳೆಯ ಹಾಲು. ಇಪ್ಪತ್ತೈದಕ್ಕೆ ಇಳಿದರೆ ನೀರು ಬಿದ್ದಿದೆ ಎಂದರ್ಥ, ತಪ್ಪಲೆ ಹಿಡಿದು ಬಂದ ಹಾಗೇ ಮನೆಗೆ ಹೋಗಬೇಕು. ಬೆಳಿಗ್ಗೆ ಆರು ಗಂಟೆಗೆಲ್ಲ ಅರ್ಧ ಊರಿಗೆ ‘ಇಲ್ಲ’ ಎಂದು ಹೇಳಿ ಬರುವ ಮನುಷ್ಯ ಅವರು. ಆ ಕಡ್ಡಿ ಸದಾ ಅವರ ಜೇಬಿನಲ್ಲಿ. ಮಗಳಿಗೆ ಗಂಡು ನೋಡಲು ಬೆಂಗಳೂರಿನಲ್ಲಿ ಅವರ ನೆಂಟರ ಮನೆಗೆ ಹೋದಾಗ ಬೀಗರು ಕೊಟ್ಟ ಹಾಲಿನ ಲೋಟಕ್ಕೂ ಅದನ್ನು ಇಳಿಬಿಡಲು ಹೊರಟಿದ್ದರು! ನಾನು ಮೊಣಕೈಯಿಂದ ತಿವಿದದ್ದರಿಂದ ಮದುವೆ ಉಳಿಯಿತು.

ಆ ಮದುವೆ ಉಳಿದದ್ದಕ್ಕೇ ತಾನೆ ನನಗೆ ಮೊಮ್ಮಗಳು ಸಿಕ್ಕಿದ್ದು! ಆಹಾ, ಅವಳ ಕೆನ್ನೆ, ಅವಳ ಎರಡು ಜುಟ್ಟು, ಅವಳು ಕಣ್ಣು ಅಗಲಿಸಿ ಕೇಳುವ ಪ್ರಶ್ನೆ... ಬೇಡ, ಅವಳ ಬಗ್ಗೆ ಶುರು ಮಾಡಿದರೆ ನಾನು ಸಮುದ್ರಕ್ಕೆ ಬರುವುದೇ ಇಲ್ಲ. ಅಳಿಯಂದಿರಿಗೆ ಮಂಗಳೂರಿನ ಬಂದರಿನಲ್ಲಿ ಕೆಲಸ. ಮನೆಯ ಜಗುಲಿಯಿಂದಲೇ ಕಡಲು ಕಾಣುತ್ತದಂತೆ. ಮಗು ಹುಟ್ಟಿದ್ದು, ಬೆಳೆದದ್ದು, ಮಾತು ಕಲಿತದ್ದು ಎಲ್ಲ ಅಲ್ಲೇ. ಎರಡನೇ ಹೆರಿಗೆಗೆಂದು ಮಗಳು ಊರಿಗೆ ಬಂದಾಗ ಮೊಮ್ಮಗಳಿಗೆ ನಾಲ್ಕು ತುಂಬಿ ಐದು. ಬಸ್ಸಿಳಿದವಳು ಸುತ್ತ ನೋಡಿ ತನ್ನ ತಾತನನ್ನು ಕೇಳಿದಳು.

“ಇಲ್ಲಿ ಸಮುದ್ರ ಯಾವ ಬದಿಗೆ ಉಂಟು?”

ಅರ್ಧ ಊರಿಗೆ ‘ಇಲ್ಲ’ ಎನ್ನುವ ಮನುಷ್ಯನ ಬಾಯಿಂದ ಆ ಒಂದು ‘ಇಲ್ಲ’ ಹೊರಡಲಿಲ್ಲ ನೋಡಿ! “ಇನ್ನೂ ಬಂದಿಲ್ಲ ಕಣಮ್ಮ. ಬರುತ್ತೆ,” ಎಂದುಬಿಟ್ಟರು.

“ಯಾವ ಬಸ್ಸಿಗೆ?”

ಅಲ್ಲಿಗೆ ಸಿಕ್ಕಿಬಿದ್ದರು. ಮಗು ದಿನಾ ಮಾಸ್ತಿ ಬಸ್ಸು ಬರುವ ಹೊತ್ತಿಗೆ ಬಾಗಿಲಲ್ಲಿ ನಿಲ್ಲುವುದು, ಬಸ್ಸಿನಿಂದ ಸಮುದ್ರ ಇಳಿಯದಿದ್ದಾಗ ಒಳಗೆ ಬಂದು ಊಟದ ತಟ್ಟೆ ತಳ್ಳುವುದು. ನಾಲ್ಕು ತುತ್ತಿನ ಮೇಲೆ ಬಾಯಿ ತೆರೆಯುತ್ತಿರಲಿಲ್ಲ. ಚಂದಮಾಮನನ್ನು ತೋರಿಸಿದೆ, ಕರುವನ್ನು ತೋರಿಸಿದೆ, ಮುನಿಯಮ್ಮನ ಕೋಳಿಯನ್ನು ತೋರಿಸಿದೆ. ಊಹೂಂ. ಅವಳ ಲಂಗದ ಲಾಡಿಯನ್ನು ವಾರಕ್ಕೊಂದು ಸಲ ಬಿಗಿಯಾಗಿ ಕಟ್ಟಬೇಕಾಗುತ್ತಿತ್ತು. ಬಂದ ನಾಲ್ಕನೇ ದಿನಕ್ಕೆ ಮಗಳಿಗೆ ಹೆರಿಗೆಯಾಗಿ ಗಂಡು ಮಗು ಹುಟ್ಟಿತು. ಆ ಸಂತೋಷದಲ್ಲಿ ಬಾಣಂತಿಯ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಬಿಗಿದು, ಒಳಕೋಣೆಯಲ್ಲಿ ಮಲಗಿಸಿದ್ದೆವು. ಅಷ್ಟರಲ್ಲಿ ಅಳಿಯಂದಿರ ಕಾಗದ ಬಂತು. ಮೂರನೇ ತಿಂಗಳ ನಾಮಕರಣಕ್ಕೆ ಬರುತ್ತೇನೆ, ಹುಡುಗಿ ಹೀಗೇ ಊಟ ಬಿಟ್ಟಿದ್ದರೆ ಜೊತೆಯಲ್ಲೇ ಕರೆದುಕೊಂಡು ಹೋಗುತ್ತೇನೆ, ನಮ್ಮಮ್ಮ ನೋಡಿಕೊಳ್ಳುತ್ತಾರೆ ಎಂದು. ಯಜಮಾನರು ಕಾಗದವನ್ನು ಎರಡು ಸಲ ಓದಿ ಮಡಿಸಿ ಜೇಬಿಗೆ ಹಾಕಿಕೊಂಡರು. ಲ್ಯಾಕ್ಟೋಮೀಟರ್ ಪಕ್ಕಕ್ಕೆ. ಮಾರನೆಯ ದಿನ ಮಾಲೂರಿಗೆ ಹೋಗಿ ಬೆಂಗಳೂರು ರೈಲು ಹತ್ತಿದರು.

ಸಂಜೆ ಬಂದವರ ಕೈಯಲ್ಲಿ ಒಂದು ಚೀಟಿ. ಬೆಂಗಳೂರಿನ ಮೀನಿನ ಅಂಗಡಿಯವನು ಬರೆದುಕೊಟ್ಟದ್ದಂತೆ. ಮೀನಿನಂಗಡಿ ಎಂದರೆ ಕೊಯ್ದು ಕೊಡುವ ಅಂಗಡಿಯಲ್ಲ, ಸಾಕಲು ಕೊಡುವ ಅಂಗಡಿ! ಸಮುದ್ರವನ್ನು ಗಾಜಿನ ತೊಟ್ಟಿಯಲ್ಲಿ ಇಡಬಹುದಂತೆ. ಅದರೊಳಗೆ ಸಮುದ್ರದ ಮೀನು ಬಿಡಬಹುದಂತೆ. ಅದಕ್ಕೆ ಗಾಜು, ಗಾಳಿ, ಮರಳು, ಕಲ್ಲು, ಉಪ್ಪು ಬೇಕಂತೆ. ನನಗೆ ತಲೆಬುಡ ಅರ್ಥವಾಗಲಿಲ್ಲ. ಗಾಳಿಯನ್ನು ಅಂಗಡಿಯಿಂದ ತರುವುದೆ? ಕಲ್ಲಿಗೆ ಕೋಲಾರ ಜಿಲ್ಲೆಯಲ್ಲಿ ಬರವೆ?

ಗಾಜಿನ ತೊಟ್ಟಿಯನ್ನು ಮಾಲೂರಿನಲ್ಲಿ ದೇವರ ಪಟಕ್ಕೆ ಕಟ್ಟು ಹಾಕುವವನಿಗೆ ಹೇಳಿ ಮಾಡಿಸಿದರು. ಆ ಪುಣ್ಯಾತ್ಮ ಅಭ್ಯಾಸಬಲದಿಂದ ಸುತ್ತ ಚಿನ್ನದ ಬಣ್ಣದ ಕಟ್ಟು ಹಾಕಿ, ಮೂಲೆಗೊಂದೊಂದು ಹೂವು ಕೆತ್ತಿಸಿ, ಗೋಡೆಗೆ ನೇತು ಹಾಕಲು ಹಿಂದೆ ಎರಡು ಕೊಂಡಿಯನ್ನೂ ಹೊಡೆದು ಕಳಿಸಿದ್ದ! ನೀರು ತುಂಬಿದ ಗಂಟೆಯೊಳಗೆ ಸೋರಿ ಪಕ್ಕದ ರಾಗಿ ಮೂಟೆಯೆಲ್ಲ ನೆನೆದು, ಎರಡು ದಿನಕ್ಕೆ ಮೊಳಕೆ ಬಂತು. ಬೆಂಗಳೂರಿನಿಂದ ಯಾವುದೋ ಅಂಟು ತಂದು ಮೆತ್ತಿದ ಮೇಲೆ ನಿಂತಿತು. ಆ ವಾರವೆಲ್ಲ ನಮ್ಮ ಮನೆಯಲ್ಲಿ ಮೊಳಕೆ ಕಟ್ಟಿದ ರಾಗಿಯದೇ ಹುರಿಹಿಟ್ಟು.

ಆಮೇಲೆ ಕಲ್ಲು ಬಂತು. ‘ಇದು ಸಮುದ್ರದಿಂದ ತೆಗೆದದ್ದು, ಸಣ್ಣ ಸಣ್ಣ ಜೀವ ಇರೋ ಕಲ್ಲು ಕಣೇ’ ಎಂದರು. ಕಲ್ಲಿಗೆ ಜೀವ ತುಂಬುವುದನ್ನು ನಾನು ದೇವಸ್ಥಾನದಲ್ಲಿ ನೋಡಿದ್ದೆ, ಅಂಗಡಿಯಲ್ಲಿ ಕೇಳಿರಲಿಲ್ಲ. ಯಾವುದಕ್ಕೂ ಇರಲಿ ಎಂದು ಅರಿಸಿನ ಕುಂಕುಮದ ಬಟ್ಟಲು ತಂದರೆ ಗದರಿ ಕಳಿಸಿದರು. ಗಾಳಿ ಊದಲು ಕರೆಂಟಿನ ಒಂದು ಡಬ್ಬಿ ಬಂತು. ನಮ್ಮೂರಿಗೆ ಕರೆಂಟು ಬರುವುದೇ ನೆಂಟರ ಹಾಗೆ. ಕರೆಂಟು ಹೋದಾಗ ಸೈಕಲ್ ಪಂಪಿನ ತುದಿಯನ್ನು ನೀರಿನಲ್ಲಿಟ್ಟು ಗಾಳಿ ಹೊಡೆಯಬೇಕು. ಅದಕ್ಕೊಂದು ಉಪಾಯ ಮಾಡಿದರು. ‘ನನ್ನ ಹಾಲು ಯಾಕೆ ವಾಪಸ್ ಮಾಡಿದ್ರಿ’ ಎಂದು ಜಗಳಕ್ಕೆ ಬಂದವರು ಮೊದಲು ಇಪ್ಪತ್ತು ಸಲ ಪಂಪು ಒತ್ತಬೇಕು, ಆಮೇಲೆ ಮಾತು. ಇಪ್ಪತ್ತು ಒತ್ತಿದ ಮೇಲೆ ಜಗಳವಾಡಲು ಯಾರಿಗೆ ಉಸಿರಿರುತ್ತದೆ ಹೇಳಿ?

ಇನ್ನು ನೀರು. ನಮ್ಮ ಹಿತ್ತಿಲ ಬಾವಿಯ ನೀರನ್ನು ಬಾಯಿಗೆ ಹಾಕುವ ಹಾಗಿಲ್ಲ, ಅಷ್ಟು ಚೌಳು. ಅದನ್ನು ಬಿಟ್ಟು ಯಜಮಾನರು ಕೆರೆಯಾಚೆಯ ಬಾವಿಯಿಂದ ಸಿಹಿನೀರು ಹೊತ್ತು ತಂದರು. ತಂದು ಅದಕ್ಕೆ ಪೊಟ್ಟಣ ಪೊಟ್ಟಣ ಉಪ್ಪು ಸುರಿದರು! ಮುನಿಯಮ್ಮ ಬೇಲಿಯ ಮೇಲಿಂದ ನೋಡುತ್ತಿದ್ದವಳು, “ಏಮಕ್ಕಾ ಇದಿ, ಏನಿದು? ಇಷ್ಟು ಉಪ್ಪು ಹಾಕಿದ ಮೇಲೆ ಮೀನು ಸಾಕೋದೆಲ್ಲಿ ಬಂತು, ಒಣಗಿಸೋದೊಂದೇ ಬಾಕಿ,” ಎಂದಳು.

ಉಪ್ಪಿನ ಹದ ನೋಡಲು ಒಂದು ಗಾಜಿನ ಕಡ್ಡಿ ಬೇಕು, ಅದನ್ನೂ ಕೊಳ್ಳಿ ಎಂದಿದ್ದನಂತೆ ಅಂಗಡಿಯವನು. ತೋರಿಸಿದ ಕಡ್ಡಿ ನೋಡಿದರೆ, ಕೆಳಗೆ ಗುಂಡು, ಮೇಲೆ ಗೆರೆ ಗೆರೆ! ಯಜಮಾನರು ಜೇಬಿನಿಂದ ತಮ್ಮದನ್ನು ತೆಗೆದು ಪಕ್ಕಕ್ಕಿಟ್ಟರಂತೆ. ಅಂಗಡಿಯವನು ಎರಡನ್ನೂ ತಿರುಗಿಸಿ ನೋಡಿ, ಇದೇ ಸಾಕು ಬಿಡಿ, ಇದರಲ್ಲಿ ಇಪ್ಪತ್ತೈದು ಬಂದರೆ ಅದೇ ಸಮುದ್ರ ಎಂದನಂತೆ. ಅವತ್ತು ಮನೆಗೆ ಬಂದವರ ಮುಖ ನೋಡಬೇಕಿತ್ತು. ಇಪ್ಪತ್ತೈದು! ಹಾಗಾದರೆ ಸಮುದ್ರ ಎಂದರೆ ನೀರು ಬೆರೆಸಿದ ಹಾಲೇ! ಕ್ಷೀರಸಾಗರ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ, ಯಾರೋ ಅಳತೆ ಮಾಡಿಯೇ ಹೇಳಿದ್ದಾರೆ ಎಂದು ಊರೆಲ್ಲ ಹೇಳಿಕೊಂಡು ಬಂದರು. ಉಪ್ಪು ಸುರಿದು, ಕಲಕಿ, ಕಡ್ಡಿ ಬಿಟ್ಟು, ಇಪ್ಪತ್ತೈದರ ಗೆರೆಗೆ ನಿಂತಾಗ ನನ್ನನ್ನು ಕರೆದು ಊದುಬತ್ತಿ ಹಚ್ಚಿಸಿದರು. ಮುನಿಯಮ್ಮ ಬಿಡುತ್ತಾಳೆಯೆ?

“ನನ್ನ ಹಸು ಹಾಲು ಇಪ್ಪತ್ತೈದು ಬಂದ್ರೆ ವಾಪಸ್ಸು. ಇವರ ಸಮುದ್ರ ಇಪ್ಪತ್ತೈದು ಬಂದ್ರೆ ಪೂಜೆ. ನ್ಯಾಯ ಅಂದ್ರೆ ಇದೇ ನೋಡು ಅಕ್ಕಾ.”

ಇಷ್ಟಾದ ಮೇಲೆ ಮೀನು ಬರಬೇಕಲ್ಲ? ಬರಲಿಲ್ಲ! ನೀರು ಒಂದು ತಿಂಗಳು ಹಾಗೇ ಇರಬೇಕಂತೆ, ಮಾಗಬೇಕಂತೆ. ಮಾವಿನಕಾಯಿ ಹುಲ್ಲಿನಲ್ಲಿ ಮಾಗುವುದನ್ನು ಕಂಡಿದ್ದೇವೆ, ನೀರು ಮಾಗುವುದನ್ನು ಯಾರು ಕಂಡಿದ್ದಾರೆ? ಆದರೂ ಜನ ನೋಡಲು ಬಂದರು. ಮಾಸ್ತಿಯಿಂದ ಬಂದರು, ಲಕ್ಕೂರಿನಿಂದ ಬಂದರು. ಬಂದು, ಚಿನ್ನದ ಕಟ್ಟಿನೊಳಗಿನ ಬರಿ ನೀರನ್ನು ನೋಡಿ, ‘ಬಲು ಚೆನ್ನಾಗೈತೆ’ ಎಂದು ಹೋದರು. ಕೆಲವರು ಕೈ ಮುಗಿದದ್ದೂ ಉಂಟು. ಮೊಮ್ಮಗಳು ಮಾತ್ರ ಬೆಳಿಗ್ಗೆ ಎದ್ದು ಒಂದು ಸಲ ಇಣುಕಿ, ‘ಇನ್ನೂ ಆಗಲಿಲ್ಲ’ ಎಂದು ತಲೆಯಾಡಿಸಿ ಹೋಗುವಳು. ಆಗಲಿಲ್ಲ ಎಂದರೆ ಏನು ಆಗಲಿಲ್ಲ ಎಂದು ನಾವೂ ಕೇಳಲಿಲ್ಲ. ಮೀನು ಬಂದಿಲ್ಲವಲ್ಲ, ಅದಕ್ಕೇ ಹಾಗೆನ್ನುತ್ತಾಳೆ ಎಂದುಕೊಂಡೆವು. ದಡ್ಡರು ನಾವು!

ನಾಮಕರಣಕ್ಕೆ ಎರಡು ದಿನ ಇದೆ ಎನ್ನುವಾಗ ಯಜಮಾನರು ಬೆಂಗಳೂರಿನಿಂದ ಮೀನು ತಂದರು. ಪ್ಲಾಸ್ಟಿಕ್ ಚೀಲದ ನೀರಿನಲ್ಲಿ ಎರಡೇ ಎರಡು, ಹಳದಿ ಮೈಗೆ ಕಪ್ಪು ಪಟ್ಟೆ. ರೈಲಿನಲ್ಲಿ ಕೂರದೆ, ಚೀಲ ಎದೆಗವಚಿಕೊಂಡು ಮಾಲೂರಿನವರೆಗೆ ನಿಂತೇ ಬಂದಿದ್ದರು. ಮೀನು ಬಿಡುವ ಮುಂಚೆ ಕೊನೆಯ ಸಲ ಡಿಗ್ರಿ ನೋಡೋಣ ಎಂದು ಕಡ್ಡಿ ಇಳಿಬಿಟ್ಟರು. ಮೂವತ್ತನಾಲ್ಕು!

“ಯಾರೋ ಕೈ ಹಾಕಿದ್ದಾರೆ,” ಎಂದರು. ಡೈರಿಯಲ್ಲಿ ಹಾಲು ಹಿಡಿದುಕೊಂಡವರನ್ನು ನೋಡುವ ನೋಟ. ನಾನು, ಬೇಲಿಯಾಚೆಯ ಮುನಿಯಮ್ಮ, ಕೊನೆಗೆ ಕೂಸನ್ನೆತ್ತಿಕೊಂಡ ಬಾಣಂತಿಯೂ ಸಾಲಿನಲ್ಲಿ ನಿಂತೆವು.

ನಾನು ಒಪ್ಪಿಕೊಂಡೆ. ಅಲ್ಲ, ದಿನಾ ಅಷ್ಟು ಜನ ಬಂದು ಕಣ್ಣು ಹಾಕಿ ಹೋಗುತ್ತಿದ್ದರೆ ದೃಷ್ಟಿ ತೆಗೆಯಬೇಡವೆ? ಸಂಜೆ ಒಂದೊಂದು ಹಿಡಿ ಕಲ್ಲುಪ್ಪು ಹಿಡಿದು ತೊಟ್ಟಿಗೆ ಮೂರು ಸುತ್ತು ನಿವಾಳಿಸುತ್ತಿದ್ದೆ. ನಿವಾಳಿಸಿದ ಉಪ್ಪನ್ನು ನೀರಿಗೆ ಹಾಕಬೇಕು, ಉಪ್ಪು ಕರಗಿದ ಹಾಗೆ ಕೆಟ್ಟ ಕಣ್ಣೂ ಕರಗಬೇಕು, ಅದು ಪದ್ಧತಿ. ನೀರು ಎದುರಿಗೇ ಇದೆ, ಅದೂ ಉಪ್ಪಿನ ನೀರು. ಹಿತ್ತಿಲ ಬಾವಿಗೆ ಯಾಕೆ ಹೋಗಲಿ?

ಅವರು ಕಡ್ಡಿ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು.

“ಬರೀ ಉಪ್ಪೋ? ಮೆಣಸಿನಕಾಯೂ ಹಾಕಿದ್ಯೋ?”

“ಮೆಣಸಿನಕಾಯಿ ಒಲೆಗೆ ಹಾಕ್ದೆ ಕಣ್ರೀ.”

“ಪುಣ್ಯ. ಇಲ್ದಿದ್ರೆ ಸಾರೇ ಆಗೋಗ್ತಿತ್ತು.”

ನೀರು ತೆಗೆದು, ಸಿಹಿನೀರು ಸುರಿದು, ಕಡ್ಡಿ ಬಿಟ್ಟು, ಮತ್ತೆ ತೆಗೆದು, ಮತ್ತೆ ಸುರಿದು, ಇಪ್ಪತ್ತೈದಕ್ಕೆ ತರುವಷ್ಟರಲ್ಲಿ ರಾತ್ರಿಯ ಊಟದ ಹೊತ್ತಾಯಿತು. ಸಮುದ್ರಕ್ಕೇ ನೀರು ಬೆರೆಸಿದ ಹಾಲು ಪರೀಕ್ಷಕರು! ಮೀನುಗಳು ನೀರಿಗಿಳಿದು ಕಲ್ಲಿನ ಸುತ್ತ ಒಂದು ಸುತ್ತು ಬಂದವು. ಯಜಮಾನರು ಮೊಮ್ಮಗಳ ಕಣ್ಣು ಮುಚ್ಚಿ ಕರೆತಂದು, ತೊಟ್ಟಿಯ ಮುಂದೆ ಕೂರಿಸಿ ಕೈ ತೆಗೆದರು. ನಾನು ತಟ್ಟೆಯಲ್ಲಿ ಮುದ್ದೆ ಸಾರು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಮಗು ನೋಡಿತು. ಬೆರಳದ್ದಿ ನೆಕ್ಕಿತು.

“ಉಪ್ಪು ಸರಿ ಉಂಟು. ಅಲೆ ಎಲ್ಲಿ?”

ಬೆಂಗಳೂರಿನ ಚೀಟಿಯಲ್ಲಿ ಗಾಜಿತ್ತು, ಗಾಳಿಯಿತ್ತು, ಕಲ್ಲಿಗೆ ಜೀವವೂ ಇತ್ತು. ಅಲೆ ಇರಲಿಲ್ಲ. ಯಜಮಾನರು ಮೀನು ತೋರಿಸಿದರು. ಮೀನು ನಮ್ಮ ಮನೆ ಬಾಗಿಲಿಗೆ ದಿನಾ ಬರ್ತದೆ, ನನಗೆ ಸಮುದ್ರ ಬೇಕು ಎಂದಳು ಅವಳು. ಆಗ ಬಾಣಂತಿ ಕಿವಿಯ ಹತ್ತಿ ತೆಗೆದು, ಇವರೆಲ್ಲ ಏನು ಮಾತಾಡುತ್ತಿದ್ದಾರೆ ಎಂದು ಕೇಳಿಸಿಕೊಂಡಳು.

“ಅಯ್ಯೋ ಅಮ್ಮಾ, ಅಲ್ಲಿ ಅವರಜ್ಜಿ ಜಗುಲಿ ಮೇಲೆ ಕೂರಿಸ್ಕೊಂಡು ಒಂದೊಂದು ಅಲೆಗೆ ಒಂದೊಂದು ತುತ್ತು ಕೊಡ್ತಾರೆ. ಅಲೆ ಬಂದ್ರೆ ಬಾಯಿ ತೆಗೀತಾಳೆ. ನನ್ನ ಕೇಳಿದ್ರೆ ಮೊದಲ ದಿನವೇ ಹೇಳ್ತಿರ್ಲಿಲ್ವಾ?”

ಕೇಳುವುದು ಹೇಗೆ? ಕಿವಿಗೆ ಹತ್ತಿ ಇಟ್ಟವರೇ ನಾವು!

ಯಜಮಾನರು ಕಡ್ಡಿಯನ್ನು ಒರೆಸಿ ಜೇಬಿಗಿಟ್ಟರು. ಅಂಗಿಯ ತೋಳನ್ನು ಮೊಣಕೈ ಮೇಲಕ್ಕೆ ಮಡಿಸಿ, ಅಂಗೈಯನ್ನು ತೊಟ್ಟಿಯೊಳಗೆ ಇಳಿಸಿ, ನೀರನ್ನು ಮೆಲ್ಲಗೆ ತಳ್ಳಿದರು. ನೀರು ಆಚೆ ಗಾಜಿಗೆ ಹೋಗಿ ತಟ್ಟಿ ವಾಪಸ್ಸು ಬಂತು. ಮಗು ಬಾಯಿ ತೆರೆಯಿತು! ನಾನು ಗಡಬಡಿಸಿ ಒಂದು ತುತ್ತು ಇಟ್ಟೆ. ಅವರು ಮತ್ತೆ ತಳ್ಳಿದರು.

“ಹಾಗಲ್ಲ ತಾತ. ಬರುವಾಗ ಜೋರು, ಹೋಗುವಾಗ ನಿಧಾನ. ಬಾಯಲ್ಲಿ ಸದ್ದು ಸಹ ಮಾಡ್ಬೇಕು.”

ಯಜಮಾನರು ನನ್ನ ಕಡೆ ತಿರುಗಿ, ಅಲೆ ಹೇಗೆ ಸದ್ದು ಮಾಡುತ್ತೆ ಎಂದು ಮೆಲ್ಲಗೆ ಕೇಳಿದರು. ನನಗೇನು ಗೊತ್ತು? ಅವರೂ ನೋಡಿಲ್ಲ, ನಾನೂ ನೋಡಿಲ್ಲ. ಅಷ್ಟು ದಿನ ನಾವಿಬ್ಬರೂ ಸೇರಿ ಕಟ್ಟುತ್ತಿದ್ದದ್ದು ಒಂದು ಸಲವೂ ಕಣ್ಣಲ್ಲಿ ಕಾಣದ ಸಮುದ್ರವನ್ನು.

ನಾಮಕರಣದ ದಿನ ಅಳಿಯಂದಿರು ಬಂದರು. ತೊಟ್ಟಿಲ ಶಾಸ್ತ್ರ ಮುಗಿದು ಊಟಕ್ಕೆ ಕೂತಾಗ ಮೊಮ್ಮಗಳ ಕೆನ್ನೆ ಹಿಡಿದು, ನಾಳೆ ನನ್ನ ಜೊತೆ ಬರ್ತೀಯಾ ಎಂದು ಕೇಳಿದರು. ಯಜಮಾನರು ತೊಟ್ಟಿಯ ಹತ್ತಿರ ಕೂತು ಮೀನನ್ನೇ ನೋಡುತ್ತಿರುವ ಹಾಗೆ ನಟಿಸುತ್ತಿದ್ದರು. ಅವರ ಒಂದು ತೋಳು ಒದ್ದೆ, ಒಂದು ತೋಳು ಒಣ. ನಾನು ಮೊಮ್ಮಗಳ ತುತ್ತಿನ ತಟ್ಟೆ ಹಿಡಿದು ಅಲ್ಲೇ ನಿಂತಿದ್ದೆ.

“ನಾ ಬರುದಿಲ್ಲ ಪಪ್ಪ,” ಎಂದಳು ನನ್ನ ಬಂಗಾರ. “ತಾತನಿಗೆ ಇನ್ನೂ ಅಲೆ ಮಾಡ್ಲಿಕ್ಕೆ ಸರಿ ಬರುದಿಲ್ಲ. ನಾನು ಹೋದ್ರೆ ಯಾರು ಹೇಳಿಕೊಡುದು?”

ಯಜಮಾನರು ತಲೆ ಎತ್ತಲಿಲ್ಲ. ಕೈಯನ್ನು ನೀರಿಗಿಳಿಸಿ ಒಂದು ಸಲ ಜೋರಾಗಿ ತಳ್ಳಿ, ನಿಧಾನವಾಗಿ ಹಿಂದಕ್ಕೆಳೆದರು. “ಶ್...” ಎಂದರು. ಮಗು ತಿದ್ದಿತು. ಮತ್ತೆ “ಶ್ಶ್...” ಎಂದರು. ಹೀಗೆ ಎಷ್ಟು ಅಲೆ ಬಂದವೋ ನನಗೆ ಲೆಕ್ಕ ಸಿಗಲಿಲ್ಲ. ಇನ್ನೊಂದು ತುತ್ತಿಗೆಂದು ತಟ್ಟೆಗೆ ಕೈ ಹಾಕಿದೆ. ತಟ್ಟೆ ಖಾಲಿಯಾಗಿತ್ತು.